ಕೆಟ್ಟು ನಿಂತ ಲಾರಿ ಎಳೆಯೋ ಮುಂಚೆ ಚಕ್ರಕ್ಕೆ ಕಲ್ಲು ಕೊಡಿ

ಸಮೇತನಹಳ್ಳಿಯಲ್ಲಿ ಲಾರಿ ಕೆಟ್ಟು ನಿಲ್ಲುವುದು ಸುದ್ದಿಯೇ ಅಲ್ಲ. ಸರ್ಜಾಪುರ–ಹೊಸಕೋಟೆ ರಸ್ತೆಯಲ್ಲಿ ಜಲ್ಲಿ, ಸಿಮೆಂಟು, ಕಂಟೈನರ್ ಹೊತ್ತ ಗಾಡಿಗಳು. ಪಕ್ಕದ ದೇವನಗೊಂದಿಯ ತೈಲ ಡಿಪೋಗಳ ಟ್ಯಾಂಕರುಗಳು. ಇವುಗಳಲ್ಲಿ ಒಂದೆರಡು ಕೆಡದೆ ಇರುತ್ತವೆಯೆ? ಸುದ್ದಿಯಾಗುವುದು ಆಮೇಲೆ, ಎಳೆಯಲು ಹೊರಟಾಗ.

ನಿಂತ ಐದೇ ನಿಮಿಷಕ್ಕೆ ಹಿಂದಿನವರ ಹಾರನ್ ಶುರು. “ಸೈಡಿಗಾದ್ರೂ ಎಳೀರಣ್ಣಾ!” ಡ್ರೈವರಿಗೆ ಒಂದು ಕಡೆ ಮಾಲೀಕರ ಭಯ, ಇನ್ನೊಂದು ಕಡೆ ದಂಡದ ಭಯ. ರಸ್ತೆಗೆ ಅಡ್ಡ ನಿಂತ ಗಾಡಿಗೆ ಮೋಟಾರು ವಾಹನ ಕಾಯ್ದೆಯ 201ನೇ ಕಲಮಿನಲ್ಲಿ ಗಂಟೆಗೆ 50 ರೂಪಾಯಿವರೆಗಿದ್ದ ದಂಡ 2019ರ ತಿದ್ದುಪಡಿಯಲ್ಲಿ 500 ಆಯಿತು. ಸರಿ, ಸಿಕ್ಕ ಹಗ್ಗ ಕಟ್ಟು, ಎಳಿ! ಅನಾಹುತದ ಬೇರು ಈ ಗಡಿಬಿಡಿಯೇ.

ದೊಡ್ಡ ಲಾರಿ ಕಾರಲ್ಲ ಸ್ವಾಮಿ. ಗಾಳಿ ಬ್ರೇಕಿನ ಗಾಡಿಯಲ್ಲಿ ಟ್ಯಾಂಕಿನ ಗಾಳಿ ಇಳಿದರೆ ಹಿಂದಿನ ಚಕ್ರಗಳನ್ನು ಸ್ಪ್ರಿಂಗು ತಾನಾಗಿ ಹಿಡಿದುಬಿಡುತ್ತದೆ. ಮೆಕ್ಯಾನಿಕ್ ಅಡಿಗೆ ನುಗ್ಗಿ ಬೋಲ್ಟು ತಿರುಗಿಸಿ ಆ ಸ್ಪ್ರಿಂಗು ಬಿಡಿಸಿದ ಕ್ಷಣದಿಂದ ಗಾಡಿಗೆ ಬ್ರೇಕೇ ಇಲ್ಲ. ರಸ್ತೆ ಒಂಚೂರು ಇಳಿಜಾರಿದ್ದರೂ ಸಾಕು, ಅಡಿಯಲ್ಲಿರುವವನ ಗತಿ ಏನು?

ಆದ್ದರಿಂದ ಮೊದಲು ಚಕ್ರದ ಎರಡೂ ಕಡೆ ಕಲ್ಲೋ ಮರದ ದಿಮ್ಮಿಯೋ ಕೊಡಬೇಕು. ಎಚ್ಚರಿಕೆ ದೀಪ ಹಚ್ಚಿ, ಹೊಳೆಯುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ಸಾಧ್ಯವಿದ್ದರೆ ಎಳೆಯುವ ಗಾಡಿಯಿಂದಲೇ ಪೈಪಿನಲ್ಲಿ ಗಾಳಿ ಕೊಡುವುದು ಮೇಲು. ಆಗ ಬ್ರೇಕೂ ಉಳಿಯುತ್ತದೆ. ಸ್ಪ್ರಿಂಗಿನ ಡಬ್ಬಿಯ ಕ್ಲಾಂಪನ್ನು ರಸ್ತೆಯಲ್ಲಿ ಬಿಚ್ಚಲೇಬಾರದು. ಅದು ಸಿಡಿದು ಎದೆಗೆ ಬಡಿದರೆ ಆಸ್ಪತ್ರೆವರೆಗೂ ಹೋಗುವಂತಿಲ್ಲ.

ಇನ್ನು ಪ್ರೊಪೆಲ್ಲರ್ ಶಾಫ್ಟ್. “ನ್ಯೂಟ್ರಲ್‌ಗೆ ಹಾಕಿದ್ದೀನಲ್ಲ, ಸಾಕು” ಅನ್ನುವವರೇ ಜಾಸ್ತಿ. ಹಿಂದಿನ ಚಕ್ರ ನೆಲದ ಮೇಲೆ ಉರುಳಿದರೆ ಗೇರ್ ಬಾಕ್ಸಿನೊಳಗಿನ ಶಾಫ್ಟು ತಿರುಗುತ್ತದೆ. ಇಂಜಿನ್ ಓಡದೆ ಅದಕ್ಕೆ ಎಣ್ಣೆ ಸರಿಯಾಗಿ ಸಿಗುವುದಿಲ್ಲ. ಹೊಸಕೋಟೆ ಸೇರುವಷ್ಟರಲ್ಲಿ ಸಣ್ಣ ರಿಪೇರಿ ದೊಡ್ಡದಾಗಿರುತ್ತದೆ. ಶಾಫ್ಟು ಬಿಚ್ಚಿಯೇ ಎಳೆಯಬೇಕು.

ಹಗ್ಗ ಬೇಡ, ಕಬ್ಬಿಣದ ಬಾರ್ ಇರಲಿ. ಬ್ರೇಕಿಲ್ಲದ ಗಾಡಿಗಂತೂ ಕ್ರೇನೇ ಸರಿ. ಎರಡು ಗಾಡಿಗಳ ನಡುವೆ ಯಾರೂ ನಿಲ್ಲಕೂಡದು. 1989ರ ರಸ್ತೆ ನಿಯಮಗಳಲ್ಲೇ ಎಳೆಯುವ ವೇಗಕ್ಕೆ ಗಂಟೆಗೆ 24 ಕಿ.ಮೀ. ಮಿತಿ ಇತ್ತು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದವು, ನಮ್ಮ ಅವಸರ ಮಾತ್ರ ಹಳೆಯದೇ. ಟ್ಯಾಂಕರ್ ಸೋರುತ್ತಿದ್ದರೆ ಅದನ್ನು ಮುಟ್ಟದೆ ಜನರನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡಬೇಕು.

ಕೊನೆಯ ಮಾತು ಕಲ್ಲಿನದೇ. ಗಾಡಿ ಹೋಯಿತು, ಕಲ್ಲುಗಳು ರಸ್ತೆಯಲ್ಲೇ ಉಳಿದವು. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವ ಹುಡುಗನಿಗೆ ಅವು ಕಾಣುವುದಿಲ್ಲ. ಇಟ್ಟವರೇ ಎತ್ತಿಹಾಕಬೇಕು.

ಎರಡು ದಿಮ್ಮಿ, ಒಂದು ತ್ರಿಕೋನದ ಖರ್ಚು ಲಾರಿಯ ಒಂದು ಟೈರಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಮಾಲೀಕರು ಅದನ್ನು ಕೊಡಿಸಲಿ. ಪೊಲೀಸರು ದಂಡದ ಪುಸ್ತಕ ತೆಗೆಯುವ ಮುಂಚೆ ಹಿಂದಿನ ಗಾಡಿಗಳನ್ನು ತಡೆದು, ಡ್ರೈವರಿಗೆ ಅರ್ಧ ಗಂಟೆ ಬಿಡಲಿ. ನಾವೂ ಹಾರನ್ ಮೇಲಿನ ಕೈ ತೆಗೆಯೋಣ. ಆ ಲಾರಿಯ ಅಡಿಯಲ್ಲಿ ಒಬ್ಬ ಮನುಷ್ಯ ಮಲಗಿರುತ್ತಾನೆ.