ಗಾಲ್ಫ್ ಮೈದಾನ ಬೇಡ, ಒಂದು ಫೈಲ್ ತೆರೆಯಿರಿ

ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ತಮ್ಮ ಜಿಲ್ಲೆಗೆ ಗಾಲ್ಫ್ ಮೈದಾನ ಕೊಡಿ ಎಂದು ಕೇಳುವ ಪತ್ರ ಇದಲ್ಲ. ಹದಿನೆಂಟು ಹೋಲ್‌ಗಳ ಒಂದು ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ಜಾಗ ಬೇಕು, ಬೇಸಿಗೆಯಲ್ಲಿ ದಿನಕ್ಕೆ ಲಕ್ಷಾಂತರ ಲೀಟರ್ ನೀರು ಬೇಕು. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಮನೆ ಮಠ ಬಿಟ್ಟುಕೊಟ್ಟು ನವನಗರಕ್ಕೆ ಬಂದವರ ಎದುರು, ಬೇಸಿಗೆ ಬಂತೆಂದರೆ ಕೊಡ ಸಾಲಿಗಿಡುವ ಹಳ್ಳಿಗಳ ಎದುರು, ಹುಲ್ಲಿಗೆ ನೀರುಣಿಸುವ ಮಾತೆತ್ತಲು ಬಾಯಿ ಬರುವುದಿಲ್ಲ. ಆದರೂ ಪತ್ರ ಗಾಲ್ಫ್ ಕುರಿತೇ ಇದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನ ಒಬ್ಬ ಹುಡುಗ ಅಥವಾ ಹುಡುಗಿ ಆಟದ ಬಲದಿಂದ ಕಾಲೇಜು ಸೇರಲು ಒಂಬತ್ತನೇ ತರಗತಿಯಲ್ಲೇ ಆಗಬೇಕಾದ, ಆದರೆ ಇಂದು ಯಾರೂ ಮಾಡದ ಒಂದು ಕೆಲಸದ ಕುರಿತು.

ಮೊದಲು ಒಂದು ವಿಚಿತ್ರ ನೋಡಬೇಕು. ಈ ಜಿಲ್ಲೆ, ಪಕ್ಕದ ವಿಜಯಪುರ, ಎರಡೂ ಸೈಕ್ಲಿಂಗ್‌ಗೆ ದೇಶದಲ್ಲೇ ಹೆಸರಾದವು. ಬೆಳಕು ಹರಿಯುವ ಮೊದಲೇ ಹೆದ್ದಾರಿಯ ಅಂಚಿನಲ್ಲಿ ಸಾಲಾಗಿ ಪೆಡಲ್ ತುಳಿಯುವ ಮಕ್ಕಳನ್ನು ಇಲ್ಲಿನ ಲಾರಿ ಚಾಲಕರೆಲ್ಲ ಬಲ್ಲರು. ಆದರೆ ಆಟ ನೋಡಿ ಸ್ಕಾಲರ್‌ಶಿಪ್ ಕೊಡುವ ಅಮೆರಿಕದ ಕಾಲೇಜುಗಳ ಕ್ರೀಡೆಗಳನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ ತನ್ನ ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಸೈಕ್ಲಿಂಗ್ ಇಟ್ಟುಕೊಂಡಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲನ್ನು ಏರಲು ದೇಶ ವಿದೇಶದವರು ಹಗ್ಗ ಹೊತ್ತು ಬರುತ್ತಾರೆ, ಟೋಕಿಯೊ ಕೂಟದಿಂದ ಈ ಏರುವ ಕಲೆ ಒಲಿಂಪಿಕ್ಸ್ ಆಟವೂ ಹೌದು. ಆ ಪಟ್ಟಿಯಲ್ಲಿ ಅದೂ ಇಲ್ಲ. ಗಾಲ್ಫ್ ಇದೆ, ಹುಡುಗರಿಗೂ ಹುಡುಗಿಯರಿಗೂ. ಕುಸ್ತಿ ಇದೆ. ಮಹಿಳೆಯರ ಕುಸ್ತಿಯಂತೂ 2025ರ ಜನವರಿಯಲ್ಲಿ ಆ ಸಂಸ್ಥೆಯ 91ನೇ ಚಾಂಪಿಯನ್‌ಷಿಪ್ ಆಗಿ ಸೇರಿತು. ಜಿಲ್ಲೆ ಯಾವ ಆಟದಲ್ಲಿ ಗಟ್ಟಿಯೋ ಅದಕ್ಕೆ ಅಲ್ಲಿ ಬಾಗಿಲಿಲ್ಲ, ಬಾಗಿಲಿರುವ ಗಾಲ್ಫ್ ಇಲ್ಲಿ ಯಾರಿಗೂ ಗೊತ್ತಿಲ್ಲ. ಗರಡಿಮನೆಗಳ ಈ ನಾಡಿನಲ್ಲಿ ಕುಸ್ತಿಯ ಬಾಗಿಲಿನ ಸುದ್ದಿಯೂ ಯಾರ ಕಿವಿಗೂ ಬಿದ್ದಂತಿಲ್ಲ.

ಗಾಲ್ಫ್ ಶ್ರೀಮಂತರ ಆಟ, ನಮಗೇಕೆ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಅರ್ಧ ನಿಜ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ, ಅವರದೇ ವಿನೋದಕ್ಕೆ. ಇಂದಿಗೂ ಕ್ಲಬ್ ಸದಸ್ಯತ್ವ ಎಂದರೆ ಮಧ್ಯಮ ವರ್ಗದವರು ಹೌಹಾರುತ್ತಾರೆ. ಉಳಿದರ್ಧಕ್ಕೆ ಚಿಕ್ಕರಂಗಪ್ಪ ಅವರನ್ನು ನೋಡಬೇಕು. ಬಿಡದಿ ಬಳಿಯ ಈಗಲ್‌ಟನ್ ಮೈದಾನದಲ್ಲಿ ಕ್ಯಾಡಿಯಾಗಿ, ಅಂದರೆ ಆಡುವವರ ಚೀಲ ಹೊರುವ ಹುಡುಗನಾಗಿ, ಆಟದ ಹತ್ತಿರ ಬಂದವರು ಮುಂದೆ ದೇಶದ ವೃತ್ತಿಪರ ಟೂರ್‌ನಲ್ಲಿ ಪ್ರಶಸ್ತಿಗಳನ್ನು ಗೆದ್ದರು. ಮೈಸೂರಿನ ಪ್ರಣವಿ ಅರಸ್ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಭಾರತ ತಂಡದಲ್ಲಿದ್ದರು. ಇನ್ನು ಅದಿತಿ ಅಶೋಕ್. ಬೆಂಗಳೂರಿನ ಈ ಹುಡುಗಿ 17ನೇ ವಯಸ್ಸಿಗೆ, 2016ರ ಮೊದಲ ದಿನ, ವೃತ್ತಿಪರರಾದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತಿಗೆ 269 ಹೊಡೆತ. ಕಂಚು ಗೆದ್ದ ಲಿಡಿಯಾ ಕೊ ಅವರದ್ದು 268. ಒಂದೇ ಒಂದು ಹೊಡೆತದ ಅಂತರ. ಆಗ ವಿಶ್ವ ರ‍್ಯಾಂಕಿಂಗ್‌ನಲ್ಲಿ ಅದಿತಿ ಇದ್ದದ್ದು 200ರ ಆಸುಪಾಸು.

ಆ ನಾಲ್ಕು ದಿನ ಅದಿತಿಯ ಆಟ ಕಂಡವರಿಗೆ ಒಂದು ಸಂಗತಿ ನೆನಪಿರಬೇಕು. ಚೆಂಡನ್ನು ದೂರಕ್ಕೆ ಹೊಡೆಯುವುದರಲ್ಲಿ ಅವರು ಬಹುತೇಕ ಎಲ್ಲರಿಗಿಂತ ಹಿಂದಿದ್ದರು. ಕುಳಿಯ ಹತ್ತಿರ ಬಂದು, ಚೆಂಡನ್ನು ಮೆಲ್ಲನೆ ಉರುಳಿಸುವ ಪಟರ್ ಹಿಡಿದಾಗ ಮಾತ್ರ ಎಲ್ಲರಿಗಿಂತ ಮುಂದೆ. ಆಟ ಗೊತ್ತಿಲ್ಲದವರಿಗಾಗಿ ಇಷ್ಟು: ಗಾಲ್ಫ್‌ನಲ್ಲಿ ಒಂದು ಮೈದಾನದ ಪಾರ್, ಅಂದರೆ ಇಷ್ಟರಲ್ಲಿ ಮುಗಿಯಬೇಕೆಂಬ ಹೊಡೆತಗಳ ಲೆಕ್ಕ, ಸಾಮಾನ್ಯವಾಗಿ 72. ಪ್ರತಿ ಹೋಲ್‌ಗೆ ಎರಡು ಪಟ್ (ಪಟರ್‌ನ ಹೊಡೆತ) ಎಂಬ ಲೆಕ್ಕದಲ್ಲೇ ಪಾರ್ ನಿಗದಿಯಾಗುತ್ತದೆ. 18ನ್ನು ಎರಡರಿಂದ ಗುಣಿಸಿದರೆ 36. ಅಂದರೆ ಅರ್ಧ ಆಟ ನಡೆಯುವುದು ಕುಳಿಯ ಸುತ್ತಲಿನ ಒಂದಿಷ್ಟು ಜಾಗದಲ್ಲಿ. ಆ ಕುಳಿಯ ಅಗಲ 108 ಮಿಲಿಮೀಟರ್, ಎಲ್ಲ ದೇಶಗಳಲ್ಲೂ ಅಷ್ಟೇ. ಈ ಅರ್ಧ ಆಟಕ್ಕೆ ನೂರು ಎಕರೆ ಬೇಡ. ನವನಗರದ ಜಿಲ್ಲಾ ಕ್ರೀಡಾಂಗಣದ ಒಂದು ಮೂಲೆ ಸಾಕು.

ಹುಲ್ಲೂ ಬೇಡ ಎಂದರೆ ನಂಬುವುದು ಕಷ್ಟ. ಆದರೆ ಅಮೆರಿಕದ ಪೈನ್‌ಹರ್ಸ್ಟ್ ಎರಡನೇ ನಂಬರ್ ಮೈದಾನ, ಯು.ಎಸ್. ಓಪನ್‌ನಂಥ ದೊಡ್ಡ ಟೂರ್ನಿಗಳು ನಡೆಯುವ ಜಾಗ, 1935ರ ತನಕ ಮರಳಿನ ಗ್ರೀನ್‌ಗಳ, ಅಂದರೆ ಕುಳಿಯ ಸುತ್ತಲಿನ ಅಂಗಳಗಳ, ಮೇಲೇ ಆಡಿಸುತ್ತಿತ್ತು. ಮಳೆ ಕಡಿಮೆ ಇರುವ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಇಂದಿಗೂ ಮರಳು ಸಮ ಮಾಡಿ, ಎಳೆದು, ಅದರ ಮೇಲೆ ಆಡುತ್ತಾರೆ. ಮಲಪ್ರಭೆ, ಘಟಪ್ರಭೆಯ ಜಿಲ್ಲೆಗೆ ಮರಳೇನೂ ಹೊಸದಲ್ಲ. ಮರಳಿನ ಒಂದು ಅಂಕಣ, ದೊಡ್ಡ ಹೊಡೆತಕ್ಕೆ ಗಟ್ಟಿ ಬಲೆ, ಎರಡು ಹಳೇ ಸೆಟ್ ಕ್ಲಬ್. ಒಬ್ಬ ಆಟಗಾರ ಚೀಲದಲ್ಲಿ ಒಯ್ಯಬಹುದಾದದ್ದೇ ಹೆಚ್ಚೆಂದರೆ 14 ಕ್ಲಬ್. ಕಲಿಯುವ ಮಗುವಿಗೆ ಅದರಲ್ಲಿ ಅರ್ಧ ಸಾಕು.

ಪೂರ್ತಿ ಹದಿನೆಂಟು ಹೋಲ್ ಆಡಲು ಹೊರಗೆ ಹೋಗಲೇಬೇಕು. ಬೆಳಗಾವಿಯ ದಂಡು ಪ್ರದೇಶದಲ್ಲಿ ಸೇನೆಯ ಮೈದಾನವಿದೆ, ಬಸ್ಸಿನಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ದೂರ. ಅಲ್ಲಿಗೆ ಮಕ್ಕಳನ್ನು ಬಿಡಬೇಕೆಂದರೆ ಪಾಲಕರ ಅರ್ಜಿಗಿಂತ ಜಿಲ್ಲಾಧಿಕಾರಿಯ ಒಂದು ಪತ್ರಕ್ಕೆ ತೂಕ ಹೆಚ್ಚು. ಬೆಂಗಳೂರಿನ ಟೂರ್ನಿಗಳಿಗೆ ಬಾಗಲಕೋಟೆ, ಬಾದಾಮಿ ಸ್ಟೇಶನ್‌ಗಳಲ್ಲೇ ನಿಲ್ಲುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಇಳಕಲ್, ಹುನಗುಂದದವರಿಗೆ ಹೆದ್ದಾರಿಯ ರಾತ್ರಿ ಬಸ್ಸು.

ಆಟದ ಕಡೆ ಇಷ್ಟು ಸಾಕು. ನಿಜವಾದ ತೊಡಕು ಕಾಗದದ ಕಡೆ ಇದೆ, ತಮ್ಮ ಕಚೇರಿಗೆ ಬರೆಯಲು ಕಾರಣವೂ ಅದೇ.

ಎನ್‌ಸಿಎಎಯ ಮೊದಲ ಶ್ರೇಣಿಯ ಕಾಲೇಜಿನಲ್ಲಿ ಆಡಬೇಕೆಂದರೆ ವಿದ್ಯಾರ್ಥಿ ಒಂಬತ್ತರಿಂದ ಹನ್ನೆರಡನೇ ತರಗತಿಯೊಳಗೆ 16 ಮೂಲ ವಿಷಯಗಳನ್ನು ಓದಿರಬೇಕು, ಅವುಗಳಲ್ಲಿ ಸರಾಸರಿ 2.3 ಗ್ರೇಡ್ ಇರಬೇಕು. ಆ ಹದಿನಾರರಲ್ಲಿ ಗಣಿತ ಮೂರು ವರ್ಷ, ಸಮಾಜ ವಿಜ್ಞಾನ ಎರಡು ವರ್ಷ ಇರಲೇಬೇಕು. ಇದನ್ನು ನಮ್ಮ ಪದ್ಧತಿಗೆ ಹೊಂದಿಸಿ ನೋಡಿ. ಒಂಬತ್ತು, ಹತ್ತರಲ್ಲಿ ಗಣಿತ ಎರಡು ವರ್ಷ ಆಯಿತು. ಇಳಕಲ್‌ನ ಹುಡುಗಿ ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡು ಗಣಿತ ಬಿಟ್ಟಳೆಂದರೆ ಲೆಕ್ಕ ಅಲ್ಲೇ ನಿಂತಿತು. ಮುಂದೆ ಆಕೆ ಎಷ್ಟು ಚೆನ್ನಾಗಿ ಆಡಿದರೂ ಆ ಒಂದು ವರ್ಷದ ಗಣಿತವನ್ನು ತುಂಬಿಕೊಡುವವರು ಯಾರು? ಸೈನ್ಸ್ ತೆಗೆದುಕೊಂಡವರಿಗೆ ಸಮಾಜ ವಿಜ್ಞಾನ ಒಂಬತ್ತು, ಹತ್ತರಲ್ಲೇ ಸಿಕ್ಕಬೇಕು, ಪಿಯುಸಿಯಲ್ಲಿ ಅದು ಇಲ್ಲ. ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗೆ ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನೂ ಕಾಪಾಡಿಟ್ಟುಕೊಳ್ಳಬೇಕು. ಇಂಗ್ಲಿಷಿನಲ್ಲಿಲ್ಲದ ದಾಖಲೆಗಳಿಗೆ ಮೂಲಪ್ರತಿಯ ಜೊತೆಗೆ ಸಾಲು ಸಾಲಿನ ದೃಢೀಕೃತ ಅನುವಾದ ಬೇಕು. ಒಂಬತ್ತನೆಯದರ ಅಂಕಪಟ್ಟಿಯನ್ನು ಜೋಪಾನ ಮಾಡಿದ ಮನೆ ಈ ಜಿಲ್ಲೆಯಲ್ಲಿ ಎಷ್ಟಿರಬಹುದು? ಹಳೇ ಶಾಲೆಯ ದಫ್ತರದಲ್ಲಿ ಅದನ್ನು ಹುಡುಕಿಸುವ ಕಷ್ಟ ತಾವೇ ಬಲ್ಲಿರಿ. ಎಸ್‌ಎಟಿ ಪರೀಕ್ಷೆಯ ಅಂಕವನ್ನು ಎನ್‌ಸಿಎಎ 2023ರಲ್ಲಿ ಕೈಬಿಟ್ಟಿತು, ಅಷ್ಟರಮಟ್ಟಿಗೆ ಹೊರೆ ಇಳಿದಿದೆ. ಆಯಾ ಕಾಲೇಜು ಕೇಳಬಹುದು, ಅದು ಬೇರೆ ಮಾತು.

ಇನ್ನೊಂದು ಸಂಗತಿ ಅನೇಕ ಮನೆಗಳ ಆಸೆಯನ್ನು ಸುಮ್ಮನೆ ಕೊಂದಿದೆ. ವಿದ್ಯಾರ್ಥಿ ಕಾಲೇಜಿನ ಕೋಚ್‌ಗೆ ಯಾವಾಗ ಬೇಕಾದರೂ ಇ–ಮೇಲ್ ಬರೆಯಬಹುದು. ಆದರೆ ಮೊದಲ ಶ್ರೇಣಿಯ ಗಾಲ್ಫ್ ಕೋಚ್ ಆ ಮಗುವಿನ ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ರ ತನಕ ಆಟಕ್ಕೆ ಕರೆಯುವ ಉತ್ತರ ಬರೆಯುವಂತಿಲ್ಲ, ನಿಯಮವೇ ಹಾಗಿದೆ. ಒಂಬತ್ತನೆಯದರಲ್ಲಿ ಹತ್ತು ಕಡೆ ಬರೆದು ಯಾವ ಕಡೆಯಿಂದಲೂ ಮಾರುತ್ತರ ಬಾರದಿದ್ದರೆ ತಂದೆ ತಾಯಿ ಏನೆಂದುಕೊಳ್ಳುತ್ತಾರೆ? ನಮ್ಮಂಥವರಿಗಲ್ಲ ಎಂದು. ಈ ಮೌನವನ್ನೇ ಬಂಡವಾಳ ಮಾಡಿಕೊಂಡು ಸ್ಕಾಲರ್‌ಶಿಪ್ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳೂ ಇದ್ದಾರೆ. ಉಚಿತವಾಗಿ ಕಳಿಸಬಹುದಾದ ಇ–ಮೇಲ್‌ಗೆ ಅಷ್ಟು ದುಡ್ಡು.

ಕೋಚ್‌ಗೆ ಕಳಿಸಬೇಕಾದದ್ದೂ ದೊಡ್ಡ ವಿದ್ಯೆಯಲ್ಲ. ಟೂರ್ನಿಗಳ ಒಂದು ಪಟ್ಟಿ: ಮೈದಾನದ ಹೆಸರು, ಅದರ ಉದ್ದ ಎಷ್ಟು ಗಜ, ಪಾರ್ ಎಷ್ಟು, ಪ್ರತಿ ಸುತ್ತಿನ ಸ್ಕೋರ್, ಬಂದ ಸ್ಥಾನ. ಕೆಟ್ಟ ಸುತ್ತನ್ನು ಬಚ್ಚಿಡಬಾರದು, ಕೋಚ್ ಅದನ್ನು ಹೇಗೂ ಹುಡುಕಿ ತೆಗೆಯುತ್ತಾನೆ. ಹ್ಯಾಂಡಿಕ್ಯಾಪ್ ಇಂಡೆಕ್ಸ್, ಅದು ಕಳೆದ 20 ಸುತ್ತುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿ. ಎರಡು ಮೂರು ನಿಮಿಷದ ವಿಡಿಯೊ: ಆಟಗಾರನ ಎದುರಿನಿಂದ ಒಂದು, ಚೆಂಡು ಹೋಗುವ ದಿಕ್ಕಿಗೆ ಹಿಂದಿನಿಂದ ಒಂದು, ಮೊಬೈಲನ್ನು ಸೊಂಟದ ಎತ್ತರದಲ್ಲಿ ಅಲುಗದಂತೆ ನಿಲ್ಲಿಸಿ ತೆಗೆದದ್ದು. ಹಿನ್ನೆಲೆ ಸಂಗೀತ ಬೇಡವೇ ಬೇಡ. ಮದುವೆ ವಿಡಿಯೊ ಎಡಿಟ್ ಮಾಡುವ ನಮ್ಮೂರ ಹುಡುಗರಿಗೆ ಈ ಮಾತು ಮೊದಲೇ ಹೇಳಿಡಬೇಕು.

ಪಿಯುಸಿ ಆದ ಮೇಲಿನ ಗ್ಯಾಪ್ ಇನ್ನೊಂದು ಗುಂಡಿ. ನೀಟ್, ಸಿಇಟಿ ಎಂದು ವರ್ಷ ಬಿಟ್ಟು ಬರೆಯುವುದು ನಮ್ಮಲ್ಲಿ ರೂಢಿ. ಶಾಲೆ ಮುಗಿಸಿ ವರ್ಷಕ್ಕೂ ಮೀರಿ ತಡಮಾಡಿ, ಆ ನಡುವೆ ಟೂರ್ನಿಗಳನ್ನೂ ಆಡುತ್ತಿದ್ದರೆ ಕಾಲೇಜಿನಲ್ಲಿ ಆಡುವ ವರ್ಷಗಳಿಗೆ ಕತ್ತರಿ ಬೀಳಬಹುದು. ಹವ್ಯಾಸಿ ಆಟಗಾರನಾಗಿಯೇ ಉಳಿಯಬೇಕೆಂಬ ಷರತ್ತು ಬೇರೆ. ಅದಿತಿ ಕಾಲೇಜಿನ ದಾರಿ ಬಿಟ್ಟು ನೇರವಾಗಿ ವೃತ್ತಿಪರರಾದರು, ಅವರಿಗೆ ಅದು ಒಗ್ಗಿತು. ಶಿವ್ ಕಪೂರ್ 2002ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು, ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತ ಆಡಿದರು. ಮನೆಯಲ್ಲಿ ದುಡ್ಡಿಲ್ಲದ ಮಗುವಿಗೆ ಎರಡನೆಯ ದಾರಿಯೇ ಕ್ಷೇಮ ಎಂಬುದು ಈ ಪತ್ರದ ಅಭಿಪ್ರಾಯ. ಆಟ ಕೈಕೊಟ್ಟರೂ ಡಿಗ್ರಿ ಕೈಯಲ್ಲಿರುತ್ತದೆ.

ಪೂರ್ತಿ ಸ್ಕಾಲರ್‌ಶಿಪ್ ಎಂಬ ಭ್ರಮೆಯನ್ನೂ ಈಗಲೇ ಒಡೆಯುವುದು ಒಳ್ಳೆಯದು. ಬಹಳ ವರ್ಷಗಳ ಕಾಲ ಮೊದಲ ಶ್ರೇಣಿಯ ಒಂದು ಕಾಲೇಜು ಪುರುಷರ ಗಾಲ್ಫ್ ತಂಡಕ್ಕೆ ಒಟ್ಟು ನಾಲ್ಕೂವರೆ, ಮಹಿಳೆಯರ ತಂಡಕ್ಕೆ ಆರು ಸ್ಕಾಲರ್‌ಶಿಪ್ ಮಾತ್ರ ಕೊಡಬಹುದಿತ್ತು. ಅದನ್ನೇ ಎಂಟು ಹತ್ತು ಮಂದಿಗೆ ಹರಿದು ಹಂಚುತ್ತಿದ್ದರು. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಒಪ್ಪಿದ ಒಪ್ಪಂದದ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಈ ಮಿತಿ ಹೋಗಿ ತಂಡಕ್ಕೆ ಒಂಬತ್ತೇ ಆಟಗಾರರು ಎಂಬ ಮಿತಿ ಬಂದಿದೆ. ದುಡ್ಡು ಹೆಚ್ಚಬಹುದು, ಜಾಗ ಕಡಿಮೆ. ಮೂರನೇ ಶ್ರೇಣಿಯ ಕಾಲೇಜುಗಳು ಆಟಕ್ಕೆಂದು ಬಿಡಿಗಾಸೂ ಕೊಡುವುದಿಲ್ಲ, ಅಂಕ ನೋಡಿ ಕೊಡುತ್ತವೆ. ಅಂದರೆ ಬಾದಾಮಿಯ ಹುಡುಗನಿಗೆ ಪಟರ್‌ನಷ್ಟೇ ಪಠ್ಯಪುಸ್ತಕವೂ ಮುಖ್ಯ. ಕೇಳಿದ ಪಾಲಕರಿಗೆ ನೆಮ್ಮದಿಯೂ ಆದೀತು.

ಹಾಗಾದರೆ ತಮ್ಮಿಂದ ಆಗಬೇಕಾದದ್ದೇನು? ಜಿಲ್ಲಾ ಕ್ರೀಡಾಂಗಣದಲ್ಲಿ ಒಂದು ಮೇಜು, ವಾರಕ್ಕೆ ಎರಡು ದಿನ ಅಲ್ಲಿ ಕೂರುವ ಒಬ್ಬರು. ಅವರು ಗಾಲ್ಫ್ ಆಡಬೇಕೆಂದಿಲ್ಲ. ನಿಯಮ ಓದಬಲ್ಲ, ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ ದೈಹಿಕ ಶಿಕ್ಷಕರೋ, ಕಾಲೇಜು ಉಪನ್ಯಾಸಕರೋ ಸಾಕು. ಆಟದಲ್ಲಿ ಕೈ ಪಳಗಿದ ಪ್ರತಿ ಮಗುವಿನ ಹೆಸರಿನಲ್ಲಿ ಒಂಬತ್ತನೇ ತರಗತಿಗೇ ಒಂದು ಫೈಲ್ ತೆರೆಯಬೇಕು: ಅಂಕಪಟ್ಟಿ, ಪಾಸ್‌ಪೋರ್ಟ್, ಟೂರ್ನಿಯ ದಾಖಲೆ, ಪಿಯುಸಿಗೆ ಯಾವ ವಿಷಯ ಎಂಬ ಸಲಹೆ. ಕುಸ್ತಿಯ ಹುಡುಗಿಗೂ ಅದೇ ಫೈಲ್. ಅಮೆರಿಕ ಬೇಡ, ಇಲ್ಲೇ ಸಿಇಟಿಯ ಕ್ರೀಡಾ ಕೋಟಾದಲ್ಲಿ ಸೀಟು ಸಾಕು ಎನ್ನುವ ಸೈಕಲ್ ಹುಡುಗನಿಗೂ ಅದೇ ಫೈಲ್, ಯಾಕೆಂದರೆ ಅಲ್ಲಿಯೂ ಎಡವುವುದು ಪ್ರಮಾಣಪತ್ರದಲ್ಲೇ.

ಹಣದ ಪ್ರಶ್ನೆ ಬರುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯ ಉಲ್ಲೇಖ ಸ್ಪಷ್ಟವಾಗಿದೆ. ಗಾಲ್ಫ್ 112 ವರ್ಷಗಳ ಬಳಿಕ 2016ರಲ್ಲಿ ಒಲಿಂಪಿಕ್ಸ್‌ಗೆ ಮರಳಿದೆ, ಕುಸ್ತಿಯಂತೂ ಇದ್ದೇ ಇದೆ. ಮುಧೋಳ ಭಾಗದಲ್ಲಿ ಸಕ್ಕರೆ, ಸಿಮೆಂಟ್ ಕಾರ್ಖಾನೆಗಳಿವೆ. ಒಂದು ಮೇಜು, ಒಂದು ಬಲೆ, ಮರಳಿನ ಒಂದು ಅಂಕಣ, ಬೆಳಗಾವಿಗೆ ತಿಂಗಳಿಗೆರಡು ಬಸ್ ಪ್ರಯಾಣ. ಇಷ್ಟಕ್ಕೆ ಅವರನ್ನು ಕರೆಸಿ ಮಾತಾಡುವುದು ತಮಗೆ ಒಂದು ಮಧ್ಯಾಹ್ನದ ಕೆಲಸ.

ಶಾಲೆಗಳು ಶುರುವಾಗುವುದು ಮೇ ಕೊನೆಗೆ. ಅಷ್ಟರೊಳಗೆ ಹುನಗುಂದ, ಬಾದಾಮಿ, ಬಾಗಲಕೋಟೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ತಮ್ಮಿಂದ ಒಂದು ಸುತ್ತೋಲೆ ಹೋಗಲಿ: ಆಟದಲ್ಲಿ ಮುಂದಿರುವ ಮಕ್ಕಳ ಒಂಬತ್ತನೇ ತರಗತಿಯ ಅಂಕಪಟ್ಟಿಗೆ ಶಾಲೆಯ ಮೊಹರು ಹಾಕಿ, ಒಂದು ಪ್ರತಿಯನ್ನು ಮನೆಗೆ, ಇನ್ನೊಂದನ್ನು ಜಿಲ್ಲಾ ಕ್ರೀಡಾಂಗಣಕ್ಕೆ ಕಳಿಸಬೇಕು ಎಂದು. ಇದಕ್ಕೆ ಬಜೆಟ್ಟೂ ಬೇಡ, ಸಭೆಯೂ ಬೇಡ.


ಜಿಲ್ಲೆಯ ಆಟದ ಮಕ್ಕಳ ಪಾಲಕರ ಪರವಾಗಿ