ಮೊದಲು 160 ಗಂಟೆಯ ಲೆಕ್ಕ ಕೊಡಿ

1983ರ ವಲಸೆ ಕಾಯ್ದೆಯ ಜಾಗಕ್ಕೆ ಬರಲಿರುವ ಓವರ್‌ಸೀಸ್ ಮೊಬಿಲಿಟಿ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೊರತಂದ ಮೇಲೆ ಎಲ್ಲೆಡೆ ಒಂದೇ ಮಾತು: ನಮ್ಮ ಹುಡುಗರಿಗೆ ಹೊರದೇಶದ ಬಾಗಿಲು ತೆರೆಯಲಿ. ತೆರೆಯಲಿ, ಬೇಡವೆಂದವರಾರು? ಆದರೆ ಗುಬ್ಬಿಯ ಹುಡುಗನೊಬ್ಬ ದುಬೈನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿ, ಮುಂದೆ ಅಂಗರಕ್ಷಕನಾಗಿ ಬೆಳೆಯುತ್ತಾನೋ ಇಲ್ಲವೋ ಎಂಬುದು ವಿಮಾನ ನಿಲ್ದಾಣದಲ್ಲಿ ತೀರ್ಮಾನವಾಗುವುದಿಲ್ಲ. ಅದು ನಮ್ಮ ತುಮಕೂರು ಜಿಲ್ಲೆಯ ವಸಂತನರಸಾಪುರದ, ಕುಣಿಗಲ್ಲಿನ ಅಂಚೆಪಾಳ್ಯದ ಕಾರ್ಖಾನೆ ಗೇಟುಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ಅಲ್ಲೇ ನಾವು ಅವನ ಕೈಬಿಟ್ಟಿದ್ದೇವೆ.

ಯಾರ ಬಾಯಲ್ಲೂ ಬಾರದ ಅಂಕಿ 160. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ 2005ರದು. ಅದರ ನಿಯಮಗಳ ಪ್ರಕಾರ ಗಾರ್ಡ್ ಆಗುವವನಿಗೆ 100 ಗಂಟೆ ತರಗತಿ ಪಾಠ, 60 ಗಂಟೆ ಹೊರಾಂಗಣ ತರಬೇತಿ ಆಗಬೇಕು. ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ ಹಂಚಿ ಕೊಡಬೇಕು. ಮಾಜಿ ಸೈನಿಕರಿಗೆ, ನಿವೃತ್ತ ಪೊಲೀಸರಿಗೆ ಮಾತ್ರ 40 ಮತ್ತು 16 ಗಂಟೆಗಳ ರಿಯಾಯಿತಿ. ಪಠ್ಯವೇನು ಸಣ್ಣದಲ್ಲ. ಬೆಂಕಿ ಆರಿಸುವುದು, ಗುಂಪು ನಿಭಾಯಿಸುವುದು, ಪ್ರಥಮ ಚಿಕಿತ್ಸೆ, ಸ್ಫೋಟಕ ಗುರುತಿಸುವುದು ಎಲ್ಲವೂ ಇದೆ. ಪ್ರಯಾಣದ ದಾಖಲೆ, ಶಸ್ತ್ರ ಪರವಾನಗಿಗಳಲ್ಲಿ ಬರುವ ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ಓದಲು ಬರಬೇಕೆಂಬ ಮಾತೂ ಇದೆ. ಹೊರದೇಶಕ್ಕೆ ಹೋಗುವವನಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ಬೇಕೆ?

ನಡೆಯುವುದು ಮಾತ್ರ ಬೇರೆ. ಹುಡುಗನ ಎದೆಯಳತೆ ನೋಡಿ ಶರ್ಟು, ಟೋಪಿ, ಸೀಟಿ ಕೊಡುತ್ತಾರೆ. ಯೂನಿಫಾರ್ಮಿನ ದುಡ್ಡು ಮೊದಲ ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಮರುದಿನವೇ ಗೇಟಿನಲ್ಲಿ ಹನ್ನೆರಡು ಗಂಟೆ ಡ್ಯೂಟಿ. ಲಾರಿ ನಂಬರು ಬರೆದುಕೊಳ್ಳುವುದು, ಡ್ರೈವರ್ ಸಹಿ ಹಾಕಿಸುವುದು, ರಿಲೀವರ್ ಬಾರದಿದ್ದರೆ ಇನ್ನೊಂದು ಪಾಳಿ ಎಳೆಯುವುದು. ಮೂರು ವರ್ಷ ದುಡಿದರೂ ಅವನ ಕೈಯಲ್ಲಿ ಉಳಿಯುವುದು ಏಜೆನ್ಸಿಯ ಐಡಿ ಕಾರ್ಡು ಒಂದೇ. ಬೆಂಕಿ ಬಿದ್ದಾಗ ಯಾವ ಸಿಲಿಂಡರ್ ಎತ್ತಿಕೊಳ್ಳಬೇಕೆಂದು ಅವನಿಗೆ ಯಾರೂ ತೋರಿಸಿರುವುದಿಲ್ಲ.

ತರಬೇತಿ ಅಲ್ಲಿಗೆ ಹೋದ ಮೇಲೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ, ಪರೀಕ್ಷೆಯೂ ಇರುತ್ತದೆ. ದುಬೈನಲ್ಲಿ 2016ರಿಂದ ಸಿರಾ ಎಂಬ ನಿಯಂತ್ರಣ ಸಂಸ್ಥೆ ಇದೆ. ಅದರ ಕಾರ್ಡ್ ಇಲ್ಲದೆ ಮಾಲ್ ಬಾಗಿಲಲ್ಲೂ ನಿಲ್ಲುವಂತಿಲ್ಲ. ಬ್ರಿಟನ್ನಿನಲ್ಲಿ 2001ರ ಕಾಯ್ದೆಯಡಿ ಪರವಾನಗಿ ಕಡ್ಡಾಯ, ಅಂಗರಕ್ಷಕನದು ಅಲ್ಲಿ ಬೇರೆಯದೇ ಪರವಾನಗಿ, ಬೇರೆಯದೇ ತರಬೇತಿ. ಸಾಲ ಮಾಡಿ ಹೋದವನು ಅಲ್ಲಿ ಫೇಲಾದರೆ ಬಡ್ಡಿ ಕಟ್ಟುವವರು ಊರಲ್ಲಿರುವ ಅಪ್ಪ ಅಮ್ಮ.

ಇನ್ನೂ ಕಹಿಯಾದದ್ದು ಕಲಬುರಗಿಯ ಪಾಠ. ಆ ಜಿಲ್ಲೆಯ ಯುವಕರು ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸವೆಂಬ ಮಾತು ನಂಬಿ ಹೋಗಿ, ಉಕ್ರೇನ್ ಯುದ್ಧಭೂಮಿಗೆ ತಳ್ಳಲ್ಪಟ್ಟ ಸುದ್ದಿ 2024ರ ಫೆಬ್ರುವರಿಯಲ್ಲಿ ಹೊರಬಂತು. ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು, ಅವರು ಮನೆ ಸೇರುವಾಗ ಸೆಪ್ಟೆಂಬರ್ ಆಗಿತ್ತು. ಏಜೆಂಟರನ್ನು ಎಲ್ಲರೂ ಬೈದರು, ಬೈಯಲೇಬೇಕು. ಆದರೆ ಅಷ್ಟು ದೂರದ ಸೆಕ್ಯುರಿಟಿ ಕೆಲಸಕ್ಕೆ ತರಬೇತಿಯ ಪತ್ರವನ್ನೇ ಕೇಳುವುದಿಲ್ಲವೆಂದರೆ ಅಲ್ಲೇ ಅನುಮಾನ ಬರಬೇಕಿತ್ತು. ಇಲ್ಲಿನ ಯಾವ ಗೇಟಿನಲ್ಲೂ ಕೇಳದಿರುವಾಗ ಆ ಅನುಮಾನ ಯಾರಿಗೆ ಬರಬೇಕು? 160 ಗಂಟೆ ಕಲಿತು ಪ್ರಮಾಣಪತ್ರ ಪಡೆದವನಿಗೆ ಮಾತ್ರ, ಅದನ್ನು ಕೇಳದ ಕೆಲಸ ಕೆಲಸವೇ ಅಲ್ಲವೆಂದು ಹೊಳೆದೀತು.

ಕಾನೂನೂ ಅವನ ಬೆನ್ನಿಗಿಲ್ಲ. ಈಗಿನ ವ್ಯವಸ್ಥೆಯಲ್ಲಿ ವಲಸೆ ಅನುಮತಿಯ ತಪಾಸಣೆ ಇರುವುದು 18 ದೇಶಗಳಿಗೆ ಮಾತ್ರ, ರಷ್ಯಾ ಆ ಪಟ್ಟಿಯಲ್ಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಆ 18ಕ್ಕೂ ತಪಾಸಣೆ ಬೇಕಿಲ್ಲ. ನಮ್ಮ ಜಿಲ್ಲೆಯ ಹುಡುಗರಲ್ಲಿ ಹತ್ತನೇ ತರಗತಿ ದಾಟದವರು ಈಗ ಎಷ್ಟು ಮಂದಿ? ಇತ್ತ 2005ರ ಕಾಯ್ದೆಯ ನಾಲ್ಕನೇ ಸೆಕ್ಷನ್, ಏಜೆನ್ಸಿಯೊಂದು ಹೊರದೇಶದಲ್ಲಿ ಭದ್ರತೆ ಒದಗಿಸಬೇಕಾದರೆ ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು, ಪ್ರಾಧಿಕಾರ ಮೊದಲು ಕೇಂದ್ರವನ್ನು ಕೇಳಬೇಕು ಎನ್ನುತ್ತದೆ. ಕಂಪನಿ ಹೊರಟರೆ ಇಷ್ಟೆಲ್ಲ ಎಚ್ಚರ. ಅದೇ ಕೆಲಸಕ್ಕೆ ಹುಡುಗನೊಬ್ಬನೇ ಹೊರಟರೆ ಅವನು ಯಾರ ಕಡತದಲ್ಲೂ ಇಲ್ಲ.

ಅಂಗರಕ್ಷಕನ ಮಾತು ಆಮೇಲಿನದು. ಸೈನ್ಯದಲ್ಲೋ ಪೊಲೀಸ್ ಇಲಾಖೆಯಲ್ಲೋ ದುಡಿದು ಬಂದವರಿಗೆ ಅದು ಕೈಗೆಟುಕುವ ದಾರಿ. ಉಳಿದವರಿಗೆ ಆರು ವಾರದಲ್ಲಿ ಬಾಡಿಗಾರ್ಡ್ ಮಾಡುತ್ತೇವೆಂದು ಹೇಳುವವರನ್ನು ನಂಬಬಾರದು.

ಹೊಸ ಮಸೂದೆಯಲ್ಲಿ ಓದಿನ ಮಟ್ಟ, ದೇಶದ ಹೆಸರು ನೋಡದೆ ಭದ್ರತಾ ಕೆಲಸಕ್ಕೆ ಹೊರಡುವ ಪ್ರತಿಯೊಬ್ಬನ ಒಪ್ಪಂದದ ತಪಾಸಣೆ ಕಡ್ಡಾಯವಾಗಬೇಕು. ಅದು ದೆಹಲಿಯ ಕೆಲಸ. ಇಲ್ಲಿನ ಕೆಲಸಕ್ಕೆ ಹೊಸ ಕಾನೂನೇ ಬೇಡ. ಏಜೆನ್ಸಿಗಳ ಕಚೇರಿಗೆ ಹೋಗಿ ರಿಜಿಸ್ಟರ್ ತೆರೆಸಿ ನೋಡುವ ಅಧಿಕಾರವನ್ನು 2005ರ ಕಾಯ್ದೆಯ 16ನೇ ಸೆಕ್ಷನ್ ನಿಯಂತ್ರಣ ಪ್ರಾಧಿಕಾರಕ್ಕೆ ಆಗಲೇ ಕೊಟ್ಟಿದೆ. ತುಮಕೂರಿನ ಗೇಟುಗಳಲ್ಲಿ ನಿಂತಿರುವ ಗಾರ್ಡ್‌ಗಳಲ್ಲಿ ಎಷ್ಟು ಮಂದಿಗೆ 160 ಗಂಟೆ ಸಂದಿದೆ ಎಂಬ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಲಿ. ಕೌಶಲ್ಯಾಭಿವೃದ್ಧಿ ನಿಗಮದಡಿಯ ಅಂತರರಾಷ್ಟ್ರೀಯ ವಲಸೆ ಕೇಂದ್ರವು ಹೊರದೇಶದ ಗಾರ್ಡ್ ಕೆಲಸಕ್ಕೆ ಆ ಪಟ್ಟಿಯಿಂದಲೇ ಹುಡುಗರನ್ನು ಆರಿಸಲಿ.