ಮಸಿವೃತ್ತಿಯವರ ಸತ್ಯಾಣುವ್ರತ

ಭೋಗಭೂಮಿಯ ಕಾಲ ಮುಗಿದು ಕಲ್ಪವೃಕ್ಷಗಳು ಕ್ಷೀಣಿಸಿದಾಗ, ಬದುಕುವ ಬಗೆ ತಿಳಿಯದೆ ಕಂಗೆಟ್ಟ ಪ್ರಜೆಗಳು ಭಗವಾನ್ ವೃಷಭದೇವರ ಬಳಿಗೆ ಬಂದರು. ಸ್ವಾಮಿಯು ಆಗ ಅವರಿಗೆ ಮೊದಲು ಬೋಧಿಸಿದ್ದು ಜೀವನೋಪಾಯವನ್ನು. ತಪಸ್ಸಿನ ಉಪದೇಶ ಆಮೇಲಿನದು. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳ ಈ ವೃತ್ತಾಂತವನ್ನು ಜಿನಸೇನಾಚಾರ್ಯರ ಆದಿಪುರಾಣ ವಿವರಿಸುತ್ತದೆ. ಮಸಿಯೆಂದರೆ ಶಾಯಿ, ಅಂದರೆ ಲೇಖನವನ್ನು ನಂಬಿ ಬದುಕುವ ವೃತ್ತಿ. ಪುತ್ರಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ಕಲಿಸಿದ ತೀರ್ಥಂಕರರು ಬರಹವನ್ನೇ ಒಂದು ಉದ್ಯೋಗವೆಂದು ಮನ್ನಿಸಿದ್ದು ಸ್ವಾಭಾವಿಕವೇ ಆಗಿದೆ.

ಇಂದು ಮಸಿವೃತ್ತಿಯ ರೂಪ ಬದಲಾಗಿದೆ. ಪತ್ರಿಕೆಯಲ್ಲೋ ದೊಡ್ಡ ಕಂಪನಿಯ ಪ್ರಚಾರ ವಿಭಾಗದಲ್ಲೋ ಹದಿನೈದು ಇಪ್ಪತ್ತು ವರ್ಷ ದುಡಿದವರು ನಲವತ್ತರ ಆಸುಪಾಸಿನಲ್ಲಿ ಆ ಕೆಲಸ ಬಿಟ್ಟು, ಎರಡು ಕೋಣೆ ಬಾಡಿಗೆಗೆ ಹಿಡಿದು, ಮೂರು ನಾಲ್ಕು ಜನರನ್ನು ಇಟ್ಟುಕೊಂಡು ಸ್ವಂತ ಸಂವಹನ ಸಂಸ್ಥೆ ತೆರೆಯುವುದು ನಮ್ಮ ನಗರಗಳಲ್ಲಿ ಸಾಮಾನ್ಯವಾಗಿದೆ. ಅಂಗಡಿಗಳ ಕರಪತ್ರ, ಆಸ್ಪತ್ರೆಗಳ ಪ್ರಕಟಣೆ, ಶಾಲೆಗಳ ಪರಿಚಯ ಪುಸ್ತಿಕೆ, ಗಣ್ಯರ ಭಾಷಣ, ಸಾಮಾಜಿಕ ಜಾಲತಾಣದ ಬರಹ ಇವೆಲ್ಲ ಅವರ ಸರಕು. ಇಂತಹ ವೃತ್ತಿಪಲ್ಲಟವನ್ನು ನಾವು ‘ಬೆಳವಣಿಗೆ’ ಎಂದು ಕರೆಯುತ್ತೇವೆ. ಆದರೆ ಬೆಳೆದದ್ದು ಯಾವುದು? ವರಮಾನವೇ, ಹೆಸರೇ, ಅಥವಾ ಆತ್ಮದ ಗುಣವೇ? ಶ್ರಾವಕಾಚಾರದ ಗ್ರಂಥಗಳು ಕೇಳುವುದು ಈ ಮೂರನೆಯದರ ಲೆಕ್ಕವನ್ನು.

ಹುಟ್ಟಿನಿಂದ ಬಂದ ಕಸುಬನ್ನು ಬಿಟ್ಟು ಅಕ್ಷರದ ಕಡೆಗೆ ಹೊರಳಿದವರ ಉದಾಹರಣೆಗೆ ನಾವು ದೂರ ಹೋಗಬೇಕಿಲ್ಲ. ಕವಿಚಕ್ರವರ್ತಿ ರನ್ನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅಜಿತಸೇನಾಚಾರ್ಯರ ಶಿಷ್ಯತ್ವ, ಚಾವುಂಡರಾಯನ ಆಶ್ರಯ ಅವನಿಗೆ ದೊರೆತವು. ಅತ್ತಿಮಬ್ಬೆಯ ಪ್ರೇರಣೆಯಿಂದ ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ಪೂರೈಸಿದನು. ಬಳೆಯ ಮಲಾರ ಹೊರುವ ಮನೆತನದಿಂದ ಬಂದುದನ್ನು ಅವನು ಮುಚ್ಚಿಡಲಿಲ್ಲ. ತನ್ನ ಕುಲದ ಕಸುಬನ್ನು ಕಾವ್ಯದಲ್ಲಿಯೇ ಹೇಳಿಕೊಂಡಿದ್ದಾನೆ. ಇನ್ನು ದಾನಚಿಂತಾಮಣಿ ಅತ್ತಿಮಬ್ಬೆಯೋ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದವಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓಲೆಯ ಮೇಲೆ ಒಂದೊಂದೇ ಅಕ್ಷರ ಕೊರೆಯಿಸಿ ಒಂದು ಗ್ರಂಥವನ್ನು ಸಾವಿರವಾಗಿಸುವುದೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ! ಪ್ರಸಾರವೆಂಬ ಕಾರ್ಯಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ಹಿರಿದಾದ ಮೇಲ್ಪಂಕ್ತಿಯನ್ನು ನಾನು ಕಾಣೆ. ತಾನು ಶ್ರೇಷ್ಠವೆಂದು ನಂಬಿದ್ದನ್ನು ಅವಳು ಹರಡಿದಳು. ಹಣ ಕೊಟ್ಟವರು ಹೇಳಿದ್ದನ್ನು ಹರಡುವುದೇ ಉದ್ಯೋಗವಾದಾಗ ಪ್ರಶ್ನೆ ಕಠಿಣವಾಗುತ್ತದೆ.

ಮಾತನ್ನೇ ಮಾರುವವನಿಗೆ ಐದು ಅಣುವ್ರತಗಳಲ್ಲಿ ಎರಡನೆಯದಾದ ಸತ್ಯಾಣುವ್ರತವೇ ಎಲ್ಲಕ್ಕಿಂತ ಹತ್ತಿರದ್ದು. ತತ್ತ್ವಾರ್ಥಸೂತ್ರವು ಅದಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವನ್ನು ಇಂದು ಓದಿದರೆ ಯಾವುದೋ ಸಂವಹನ ಸಂಸ್ಥೆಯ ಕಡತಗಳನ್ನು ನೋಡಿ ಬರೆದಂತಿದೆ. ಜನರನ್ನು ಅವರ ಹಿತದ ವಿಷಯದಲ್ಲಿ ತಪ್ಪುದಾರಿಗೆಳೆಯುವುದು ಮಿಥ್ಯೋಪದೇಶ. ಗುಣವಾಗದ ರೋಗವನ್ನು ಗುಣಪಡಿಸುತ್ತೇವೆಂಬ ಜಾಹೀರಾತು ಅದರಲ್ಲಿ ಸೇರುತ್ತದೆ. ಇತರರ ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಒಬ್ಬನು ಹೇಳದ್ದನ್ನು ಹೇಳಿದನೆಂದು ಬರೆಯುವುದು ಕೂಟಲೇಖ. ಇಲ್ಲದ ಗ್ರಾಹಕನ ಹೆಸರಿನಲ್ಲಿ ಹೊಗಳಿಕೆ ಬರೆದು ಜಾಲತಾಣಕ್ಕೇರಿಸುವುದಕ್ಕೆ ಬೇರೆ ಹೆಸರೇ ಬೇಕಿಲ್ಲ. ಎದುರಿನವನ ಮುಖಭಾವದಿಂದ ಅವನ ಅಂತರಂಗವನ್ನು ಊಹಿಸಿ ಮತ್ತೊಬ್ಬನಿಗೆ ತಿಳಿಸುವುದು ಸಾಕಾರಮಂತ್ರಭೇದ. ಒಬ್ಬ ಗ್ರಾಹಕನ ಯೋಜನೆಯ ಸುಳಿವನ್ನು ಅವನ ಪ್ರತಿಸ್ಪರ್ಧಿಗೆ ಕೊಡುವವನು ಇದನ್ನೇ ಮಾಡುತ್ತಾನೆ.

ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು ನ್ಯಾಸಾಪಹಾರ. ಒಬ್ಬನು ಇಟ್ಟ ಒತ್ತೆಯಲ್ಲಿ ಎಷ್ಟಿತ್ತೆಂಬುದು ಅವನಿಗೇ ಮರೆತುಹೋಗಿ ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುವುದು ಅದರ ಲಕ್ಷಣ. ಇದು ಕಳವಲ್ಲವೇ, ಅಚೌರ್ಯವ್ರತದ ಅಡಿ ಬರಬೇಕಲ್ಲವೇ ಎಂದು ಸಂದೇಹ ಬರಬಹುದು. ಆದರೆ ಇಲ್ಲಿ ಕಳವು ನಡೆದದ್ದು ಕೈಯಿಂದಲ್ಲ, ‘ಹೌದು’ ಎಂಬ ಒಂದು ಮಾತಿನಿಂದ. ಆದ್ದರಿಂದಲೇ ಸತ್ಯವ್ರತದ ಕೆಳಗೆ ಅದಕ್ಕೆ ಸ್ಥಾನ. ಜಾಹೀರಾತಿಗೆಂದು ಮುಂಗಡ ಪಡೆದು, ಖರ್ಚಾಗದೆ ಉಳಿದುದನ್ನು ಗ್ರಾಹಕನು ಕೇಳಲಿಲ್ಲವೆಂಬ ಕಾರಣಕ್ಕೆ ಹಿಂದಿರುಗಿಸದಿರುವ ರೂಢಿ ಎಷ್ಟೊಂದು ಕಡೆ ಇದೆ!

‘ನಾನು ಬರೆಯಲಿಲ್ಲ, ನಮ್ಮ ಹುಡುಗರು ಬರೆದರು’ ಎಂಬ ಸಮಾಧಾನಕ್ಕೂ ಎಡೆಯಿಲ್ಲ. ಆಸ್ರವದ ಲೆಕ್ಕದಲ್ಲಿ ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯಗಳೆಂಬ ಮೂರು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಯೂ ಅದೇ. ನೌಕರನಾಗಿದ್ದಾಗ ಮನುಷ್ಯ ಬಹುತೇಕ ಕೃತದ ಭಾಗಿ. ಸಂಸ್ಥೆಯ ಒಡೆಯನಾದ ದಿನದಿಂದ ಅವನ ಪಾಲಿಗೆ ಕಾರಿತ, ಅನುಮತಗಳೇ ಅಧಿಕ. ವೃತ್ತಿ ಬದಲಿಸಿದವರು ಇದನ್ನು ಗಮನಿಸುವುದು ಕಡಿಮೆ. 2019ರ ಗ್ರಾಹಕ ರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೂ, ಮರುಕಳಿಸಿದರೆ 50 ಲಕ್ಷದವರೆಗೂ ದಂಡ ವಿಧಿಸಬಲ್ಲದು. ಆ ದಂಡಕ್ಕೆ ಸಾಕ್ಷ್ಯ ಬೇಕು, ವಿಚಾರಣೆ ಬೇಕು. ಕರ್ಮಬಂಧಕ್ಕೆ ಅವು ಬೇಕಿಲ್ಲ.

ಇಷ್ಟನ್ನು ಹೇಳಿದರೆ ಸಣ್ಣ ಸಂಸ್ಥೆ ನಡೆಸುವವರು ನಕ್ಕಾರು. ತಿಂಗಳ ಒಂದನೆಯ ತಾರೀಖಿಗೆ ಸಂಬಳ, ಬಾಡಿಗೆ, ತೆರಿಗೆ, ಬ್ಯಾಂಕಿನ ಕಂತು. ಇವುಗಳ ನಡುವೆ ಸತ್ಯವ್ರತವೆಲ್ಲಿ? ಅವರ ನಗುವಿನಲ್ಲಿ ನ್ಯಾಯವಿದೆ. ನನ್ನ ಅಭಿಪ್ರಾಯ ಇಷ್ಟೇ: ಇಂತಹ ವೃತ್ತಿಯಲ್ಲಿ ಸತ್ಯಾಣುವ್ರತವು ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣವನ್ನು ಮೊದಲು ಕೈಗೊಂಡವರಿಗೆ ಮಾತ್ರ ಸಾಧ್ಯ. ಶಾಸ್ತ್ರಗಳಲ್ಲಿ ಅದು ಕೊನೆಗೆ ಬರುತ್ತದೆ. ಆಚರಣೆಯಲ್ಲಿ ಅದರಿಂದಲೇ ಆರಂಭಿಸಬೇಕು. ತನಗೆಷ್ಟು ಸಾಕೆಂದು ಗೊತ್ತಿಲ್ಲದವನು ಯಾವ ಗ್ರಾಹಕನಿಗೂ ‘ಆಗದು’ ಎನ್ನಲಾರ.

ನನಗೆ ಪರಿಚಿತರಾದ ಶ್ರಾವಕಿಯೊಬ್ಬರು ಬೆಂಗಳೂರಿನಲ್ಲಿ ಇಂತಹದೇ ಸಂಸ್ಥೆ ನಡೆಸುತ್ತಾರೆ. ಹದಿನೇಳು ವರ್ಷದ ನೌಕರಿ ಬಿಡುವಾಗ ಅವರು ಮುನಿಗಳೊಬ್ಬರ ಸಮ್ಮುಖದಲ್ಲಿ ಪರಿಮಾಣ ಮಾಡಿಕೊಂಡರು. ಏಕಕಾಲಕ್ಕೆ ಏಳಕ್ಕಿಂತ ಹೆಚ್ಚು ಗ್ರಾಹಕರು ಬೇಡ, ವ್ಯವಹಾರಕ್ಕೆ ಸಾಲ ಬೇಡ, ಆರು ತಿಂಗಳ ಸಂಬಳ ಬಾಡಿಗೆಗಳಿಗಾಗುವಷ್ಟನ್ನು ಮುಟ್ಟದೆ ಬದಿಗಿಡಬೇಕು. ಬಂಧುಗಳು ಇದನ್ನು ಅಂಜುಬುರುಕುತನವೆಂದರು. ಮೂರನೆಯ ವರ್ಷ ಒಂದು ವಿದ್ಯಾಸಂಸ್ಥೆ ದೊಡ್ಡ ಮೊತ್ತದ ಕೆಲಸ ಕೊಟ್ಟಿತು. ಕೆಲವು ತಿಂಗಳಾದ ಮೇಲೆ, ಓದಿಹೋದ ವಿದ್ಯಾರ್ಥಿಗಳ ಹೆಸರಿನಲ್ಲಿ ಪ್ರಶಂಸೆಗಳನ್ನು ಬರೆದುಕೊಡಬೇಕೆಂದು ಕೇಳಿತು. ವರ್ಷದ ವರಮಾನದಲ್ಲಿ ಮೂರನೇ ಒಂದು ಭಾಗ ಅಲ್ಲಿಂದಲೇ ಬರುತ್ತಿತ್ತು. “ಮೇಡಂ, ನಾವು ಬರೆಯದಿದ್ದರೆ ಪಕ್ಕದ ಬೀದಿಯವರು ಬರೆಯುತ್ತಾರೆ, ಆ ಮಕ್ಕಳಿಗೇನೂ ನಷ್ಟವಿಲ್ಲ” ಎಂದು ಸಿಬ್ಬಂದಿಯೊಬ್ಬರು ವಾದಿಸಿದರಂತೆ. ಈ ವಾದಕ್ಕೆ ಸುಲಭವಾದ ಉತ್ತರವಿಲ್ಲ. ಅವರು ಒಪ್ಪದೆ ಕೆಲಸ ಬಿಟ್ಟರು. ಬದಿಗಿಟ್ಟ ಹಣ ನಾಲ್ಕು ತಿಂಗಳಲ್ಲಿ ಬಹುಪಾಲು ಕರಗಿತು. ತಮ್ಮ ಸಂಬಳವನ್ನು ಅರ್ಧಕ್ಕಿಳಿಸಿದರು, ಸಿಬ್ಬಂದಿಯದನ್ನು ಮುಟ್ಟಲಿಲ್ಲ. ಆದರೂ ಒಬ್ಬ ಹುಡುಗ, ಸಂಸ್ಥೆ ಉಳಿಯುವುದೋ ಇಲ್ಲವೋ ಎಂಬ ಭಯದಿಂದ, ಬೇರೆ ಕಡೆ ಹೋದ. ತಮ್ಮ ವ್ರತದ ಭಾರ ಅವನ ಮೇಲೆ ಬಿದ್ದಿತೆಂಬ ನೋವು ಆ ತಾಯಿಗೆ ಇಂದಿಗೂ ಇದೆ. ಈ ನೋವು ಇರುವುದು ಒಳ್ಳೆಯದೆಂದೇ ನನಗೆ ತೋರುತ್ತದೆ. ವ್ರತಿಯೆನಿಸಿಕೊಂಡವರಿಗೆ ಬರುವ ಮಾನಕಷಾಯಕ್ಕೆ ಅದು ಔಷಧ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಗ್ರಹಪರಿಮಾಣಕ್ಕೆ ಹೇಳುವ ಅತಿಚಾರಗಳೂ ಇಲ್ಲಿ ನೆನೆಯತಕ್ಕವು. ಲೋಭದಿಂದ ಎತ್ತು ಮೊದಲಾದವನ್ನು ಶಕ್ತಿಮೀರಿ ಓಡಿಸುವುದು ಅತಿವಾಹನ, ಮಿತಿಮೀರಿ ಹೊರೆ ಹೇರುವುದು ಅತಿಭಾರವಾಹನ. ಪ್ರಾಣಿಹಿಂಸೆಯ ಮಾತು ಸಂಗ್ರಹದ ಮಿತಿಯ ಪ್ರಕರಣದಲ್ಲಿ ಏಕೆ ಬಂತು? ಹೆಚ್ಚು ಗಳಿಸುವ ಆಸೆ ಕೊನೆಗೆ ಯಾರದೋ ಬೆನ್ನಿನ ಮೇಲೆಯೇ ಇಳಿಯುತ್ತದೆಂದು ಆಚಾರ್ಯರು ಕಂಡಿದ್ದರು. ಎತ್ತಿನ ಗಾಡಿ ಈಗ ವಿರಳ. ರಾತ್ರಿ ಹತ್ತೂವರೆಗೆ ‘ನಾಳೆ ಬೆಳಗ್ಗೆ ಎಂಟಕ್ಕೆ ಬೇಕು’ ಎಂದು ಸಂದೇಶ ಕಳುಹಿಸುವ ಒಡೆಯರು ವಿರಳರಲ್ಲ.

ಪರಿಮಾಣವೆಂದರೆ ಬಡತನದ ಪ್ರತಿಜ್ಞೆಯೆಂದು ಭಾವಿಸಬೇಕಿಲ್ಲ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನು ವಾಣಿಜ್ಯಗ್ರಾಮದ ಆಗರ್ಭ ಶ್ರೀಮಂತ. ನಿಧಿಯಾಗಿ 4 ಕೋಟಿ, ವ್ಯಾಪಾರದಲ್ಲಿ 4 ಕೋಟಿ, ಮನೆಯ ವೈಭವಕ್ಕೆ 4 ಕೋಟಿ ಹೊನ್ನು. ತಲಾ 10,000 ಗೋವುಗಳ ನಾಲ್ಕು ಹಿಂಡುಗಳು. ಭಗವಾನ್ ಮಹಾವೀರರ ಬಳಿ ಅವನು ವ್ರತ ಸ್ವೀಕರಿಸಿದ್ದು ಇದ್ದುದನ್ನು ಎಸೆದಲ್ಲ, ಇದಕ್ಕಿಂತ ಹೆಚ್ಚು ಒಲ್ಲೆನೆಂದು ಗೆರೆ ಎಳೆದು. ಇಂದು ಹತ್ತು ಸಾವಿರವಿದ್ದವನು ಹತ್ತು ಕೋಟಿಗೆ ಗೆರೆ ಎಳೆದು ವ್ರತಿಯೆನಿಸಿಕೊಳ್ಳುವುದುಂಟು. ಅದು ಬೇರೆ ಮಾತು. ಹದಿನಾಲ್ಕು ವರ್ಷ ವ್ರತವನ್ನು ಪಾಲಿಸಿದ ಮೇಲೆ ಆನಂದನು ಹಿರಿಯ ಮಗನಿಗೆ ಮನೆಯ ಹೊಣೆ ಒಪ್ಪಿಸಿ ಪೌಷಧಶಾಲೆಗೆ ಹೋದನು. ಅವನ ಎರಡನೆಯ ವೃತ್ತಿಪಲ್ಲಟ ಅದು. ಅಲ್ಲಿ ಅವನಿಗೆ ಅವಧಿಜ್ಞಾನ ಲಭಿಸಿತು. ಗೃಹಸ್ಥನಿಗೆ ಅಷ್ಟು ವಿಸ್ತಾರವಾದ ಜ್ಞಾನ ಆಗದೆಂದು ಗೌತಮ ಗಣಧರರು ಪ್ರಾಯಶ್ಚಿತ್ತ ಮಾಡಿಕೊಳ್ಳೆಂದಾಗ, ಸತ್ಯ ನುಡಿದವನಿಗೆ ಪ್ರಾಯಶ್ಚಿತ್ತವುಂಟೇ ಎಂದು ಅವನು ವಿನಯದಿಂದಲೇ ಕೇಳಿದನು. ಮಹಾವೀರರು ಆನಂದನದೇ ಸರಿಯೆಂದರು. ಗೌತಮರು ಮರಳಿ ಬಂದು ಶ್ರಾವಕನ ಕ್ಷಮೆ ಬೇಡಿದರು. ಜೀವಮಾನವಿಡೀ ವ್ಯಾಪಾರ ಮಾಡಿದವನ ಮಾತು ಗಣಧರರ ಮಾತಿನೆದುರು ನಿಂತಿತು.

ಸಂವಹನ ವೃತ್ತಿಯವರು ಓದಲೇಬೇಕಾದ ಇನ್ನೊಂದು ಪ್ರಕರಣ ದೇಶವ್ರತದ್ದು. ಇಷ್ಟು ಹೊತ್ತು ಈ ಸ್ಥಳವನ್ನು ದಾಟಿ ಹೋಗೆನೆಂದು ಶ್ರಾವಕನು ಗೆರೆ ಹಾಕಿಕೊಳ್ಳುತ್ತಾನೆ. ಅದರ ಅತಿಚಾರಗಳು ಹೀಗಿವೆ: ಹೊರಗಿನಿಂದ ವಸ್ತುವನ್ನು ತರಿಸಿಕೊಳ್ಳುವ ಆನಯನ, ಆಳನ್ನು ಕಳುಹಿಸುವ ಪ್ರೇಷ್ಯಪ್ರಯೋಗ, ಕೆಮ್ಮಿಯೋ ಕೂಗಿಯೋ ಹೊರಗಿನವರ ಗಮನ ಸೆಳೆಯುವ ಶಬ್ದಾನುಪಾತ, ಮುಖ ತೋರಿಸಿ ಸನ್ನೆ ಮಾಡುವ ರೂಪಾನುಪಾತ, ಕಲ್ಲು ಹೆಂಟೆ ಎಸೆದು ಸೂಚಿಸುವ ಪುದ್ಗಲಕ್ಷೇಪ. ಕಾಲು ಗೆರೆಯೊಳಗಿದ್ದರೂ ಧ್ವನಿ ಗೆರೆ ದಾಟಬಲ್ಲದೆಂಬುದನ್ನು ಆಚಾರ್ಯರು ದೂರವಾಣಿಯಿಲ್ಲದ ಕಾಲದಲ್ಲಿ ಕಂಡುಕೊಂಡಿದ್ದರು. ಧ್ವನಿಯನ್ನೂ ರೂಪವನ್ನೂ ಗೆರೆ ದಾಟಿಸುವುದೇ ಕಸುಬಾದವರಿಗೆ ದಿನದಲ್ಲಿ ಒಂದಿಷ್ಟು ಹೊತ್ತಾದರೂ ಈ ಗೆರೆ ಬೇಕು. ಒಂದು ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ.

ಆ ಶ್ರಾವಕಿಯ ಕಚೇರಿಯಲ್ಲಿ ಬೆಳಗ್ಗೆ ಒಂಬತ್ತರವರೆಗೆ ಯಾರ ಕರೆಗೂ ಉತ್ತರವಿಲ್ಲ. ಅಷ್ಟಮಿ, ಚತುರ್ದಶಿಗಳಂದು ಸಂಜೆ ಆರರ ನಂತರವೂ ಇಲ್ಲ. ಒಪ್ಪಂದದ ಪತ್ರದಲ್ಲಿಯೇ ಇದನ್ನು ಬರೆದಿದ್ದಾರೆ. ಈ ಕಾರಣಕ್ಕೆ ಇಬ್ಬರು ಗ್ರಾಹಕರು ಬಿಟ್ಟುಹೋದರು. ಉಳಿದ ಐವರಲ್ಲಿ ಒಬ್ಬರು, ಜೈನರಲ್ಲ, ಈಗ ಕರೆ ಮಾಡುವ ಮುನ್ನ ಪಂಚಾಂಗ ನೋಡಿಕೊಳ್ಳುತ್ತಾರೆ.